ಹಳೆಯ ಕಾಮಿಕ್ಸ್ ಪುಸ್ತಕಗಳ ವ್ಯಾಪಾರ: ದರ್ಜೆ, ದರ ಮತ್ತು ದಾಖಲೆ

ದರ್ಜೆ ಎಂಬ ಮಾತು ಮೈಸೂರು ಸೀಮೆಯ ವರ್ತಕರಿಗೆ ಹೊಸದಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಹರಾಜು ಮಾರುಕಟ್ಟೆಗಳಲ್ಲಿ ತಂಬಾಕಿನ ಬೇಲು ಬಿಚ್ಚಿದೊಡನೆ ಎಲೆಯ ಬಣ್ಣ, ಹದ, ಕಲೆಗಳನ್ನು ನೋಡಿ ದರ್ಜೆ ನಿಗದಿಯಾಗುತ್ತದೆ. ದರದ ಮಾತು ಆಮೇಲೆ. ಕೊಡಗಿನ ಕಾಫಿ ಬೀಜವು ಪ್ಲಾಂಟೇಷನ್ ಎ, ಬಿ, ಸಿ, ಪೀಬೆರಿ ಎಂದು ಬೇರ್ಪಟ್ಟ ಮೇಲೆಯೇ ಬೆಲೆ ಪಡೆಯುತ್ತದೆ. ಆದರೆ ಯಾವ ದರ್ಜೆಯೂ ಇಲ್ಲದೆ ಕೇವಲ ತೂಕದ ಮೇಲೆ ಕೈ ಬದಲಾಯಿಸುತ್ತಿರುವ ಸರಕೊಂದು ನಮ್ಮ ಊರಿನ ಅಟ್ಟಗಳಲ್ಲಿಯೂ ಟ್ರಂಕುಗಳಲ್ಲಿಯೂ ಇದೆ. ಅದೇ ಹಳೆಯ ಕಾಮಿಕ್ಸ್ ಪುಸ್ತಕ.

ಮಕ್ಕಳ ಓದಿನ ಪುಸ್ತಕದಲ್ಲಿ ವಾಣಿಜ್ಯದ ವಿಷಯವೇನಿದೆ ಎಂದು ಸದಸ್ಯರು ಕೇಳಬಹುದು. 2023ರ ಬೇಸಿಗೆಯವರೆಗೆ ನನ್ನ ಅಭಿಪ್ರಾಯವೂ ಅದೇ ಆಗಿತ್ತು. ಅಗ್ರಹಾರದ ಬಳಿ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಬಾಡಿಗೆ ಪುಸ್ತಕಗಳ ಲೈಬ್ರರಿ ನಡೆಸಿದ್ದ ಹಿರಿಯರೊಬ್ಬರು ನನ್ನ ಕಕ್ಷಿದಾರರು. ಮಳಿಗೆಯನ್ನು ಆರು ವಾರಗಳಲ್ಲಿ ಖಾಲಿ ಮಾಡಿಕೊಡಬೇಕಾದ ಪ್ರಸಂಗ ಅವರಿಗೆ ಬಂದಿತ್ತು. ಹಿಂಬದಿಯ ಕೋಣೆಯಲ್ಲಿ ಸುಮಾರು 1,300 ಕಾಮಿಕ್ಸ್ ಪುಸ್ತಕಗಳಿದ್ದವು. ರದ್ದಿ ವ್ಯಾಪಾರಿ ಕಿಲೋ ಲೆಕ್ಕದಲ್ಲಿ ಒಂದು ಮೊತ್ತ ಹೇಳಿ ಹೋಗಿದ್ದರು. ಹೊರನಾಡಿನಲ್ಲಿರುವ ಮಗನಾದರೋ ಅಂತರ್ಜಾಲದಲ್ಲಿ ಯಾರೋ ಕೇಳಿದ್ದ ಬೆಲೆಗಳನ್ನು ಕಂಡು, ಕೋಣೆಯಲ್ಲಿ ಲಕ್ಷಾಂತರ ರೂಪಾಯಿಗಳ ನಿಧಿ ಇದೆಯೆಂದು ನಂಬಿ ಕುಳಿತಿದ್ದರು. ಬ್ಯಾಂಕಿನ ಸಾಲದ ಬಾಕಿಯೊಂದು ತೀರಬೇಕಿತ್ತು. ತಂದೆ ಮಕ್ಕಳ ನಡುವೆ ಮಾತು ಬಿರುಸಾಗತೊಡಗಿದಾಗ ಆ ಹಿರಿಯರು ನನ್ನ ಬಳಿ ಬಂದು, ‘ಆಡಿಟರೇ, ಇದಕ್ಕೆ ಒಂದು ನ್ಯಾಯವಾದ ಬೆಲೆ ಕಟ್ಟಿಕೊಡಿ’ ಎಂದರು. ಆ ಕಾರ್ಯದಲ್ಲಿ ನಾನು ಕಲಿತದ್ದನ್ನೂ ಎಡವಿದ್ದನ್ನೂ ಹಳೆಯ ಸರಕಿನ ವಹಿವಾಟು ನಡೆಸುವ ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನಿರೂಪಿಸಿದ್ದೇನೆ.

ಸರಕಿನ ಪರಿಚಯ

ನಮ್ಮ ಭಾಗದ ಟ್ರಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಹಳೆಯ ಕಾಮಿಕ್ಸ್ ಮುಖ್ಯವಾಗಿ ಎರಡು ಬಗೆಯವು. ಮೊದಲನೆಯದು ಟೈಮ್ಸ್ ಆಫ್ ಇಂಡಿಯಾ ಸಮೂಹದ ಇಂದ್ರಜಾಲ ಕಾಮಿಕ್ಸ್. 1964ರ ಮಾರ್ಚ್‌ನಲ್ಲಿ ಆರಂಭವಾದ ಈ ಮಾಲೆ 1990ರಲ್ಲಿ ನಿಂತಿತು. ಒಟ್ಟು 800ಕ್ಕೂ ಹೆಚ್ಚು ಸಂಚಿಕೆಗಳು ಹೊರಬಂದವು. ಮೊದಲ 32 ಸಂಚಿಕೆಗಳು ಫ್ಯಾಂಟಮ್ ಕಥೆಗಳಿಗೇ ಮೀಸಲಾಗಿದ್ದವು. ತರುವಾಯ ಮ್ಯಾಂಡ್ರೇಕ್, ಫ್ಲಾಷ್ ಗಾರ್ಡನ್ ಮುಂತಾದವರು ಬಂದರು. 1976ರ ಡಿಸೆಂಬರ್‌ನಲ್ಲಿ ಆಬಿದ್ ಸುರ್ತಿಯವರ ಬಹಾದ್ದೂರ್ ಎಂಬ ಭಾರತೀಯ ನಾಯಕನೂ ಸೇರಿಕೊಂಡನು.

ಎರಡನೆಯದು ಅಮರ ಚಿತ್ರ ಕಥೆ. ಇದರ ಸಂಪಾದಕರಾಗಿದ್ದ ಅನಂತ ಪೈ ಅವರು ಕಾರ್ಕಳದಲ್ಲಿ 1929ರಲ್ಲಿ ಜನಿಸಿದವರು, 2011ರಲ್ಲಿ ನಿಧನರಾದರು. ಇಂಗ್ಲಿಷ್ ಮಾಲೆಯು ‘ಕೃಷ್ಣ’ ಎಂಬ ಪುಸ್ತಕದಿಂದ ಆರಂಭವಾಗುತ್ತದೆ. ಆದರೆ ಅದರ ಕ್ರಮಸಂಖ್ಯೆ 1 ಅಲ್ಲ, 11. ಹಾಗಾದರೆ ಮೊದಲ ಹತ್ತು ಪುಸ್ತಕಗಳು ಎಲ್ಲಿ? ಅವು ಇರುವುದು ಕನ್ನಡದಲ್ಲಿ. ಇಂಡಿಯಾ ಬುಕ್ ಹೌಸ್ ಸಂಸ್ಥೆಯ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ 1965ರಲ್ಲಿ ಸಿಂಡ್ರೆಲ್ಲಾ, ಅಲ್ಲಾದ್ದೀನ್, ಪಿನೋಕಿಯೊ ಮುಂತಾದ ಪರದೇಶದ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿಯೇ ಮೊದಲು ಪ್ರಕಟವಾದವು. ಅದರ ಯಶಸ್ಸಿನ ಮೇಲೆ ಉಳಿದ ಕಟ್ಟಡ ಎದ್ದಿತು. ಮುಂದೆ 400ಕ್ಕೂ ಹೆಚ್ಚು ಶೀರ್ಷಿಕೆಗಳಾಗಿ ಬೆಳೆದ ಮಾಲೆಯ ತಳಪಾಯ ನಮ್ಮ ಭಾಷೆಯಲ್ಲಿದೆ ಎಂಬುದು ಅಭಿಮಾನದ ವಿಷಯ ಮಾತ್ರವಲ್ಲ, ವ್ಯಾಪಾರದ ವಿಷಯವೂ ಹೌದು. ಆ ಹತ್ತು ಪುಸ್ತಕಗಳ 1965ರ ಪ್ರತಿಗಳು ಸಿಗುವುದಾದರೆ ಮುಂಬಯಿಯಲ್ಲಿ ಅಲ್ಲ, ಕನ್ನಡ ಓದುತ್ತಿದ್ದ ಮನೆಗಳಲ್ಲಿ ಮತ್ತು ಲೈಬ್ರರಿಗಳಲ್ಲಿ ಸಿಗಬೇಕು.

ಇದರೊಂದಿಗೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಹಳೆಯದೆಲ್ಲ ವಿರಳವಲ್ಲ. ಅಮರ ಚಿತ್ರ ಕಥೆಯ ಜನಪ್ರಿಯ ಶೀರ್ಷಿಕೆಗಳು ವರ್ಷ ವರ್ಷವೂ ಮರುಮುದ್ರಣಗೊಂಡಿವೆ. ಇಂದಿಗೂ ಹೊಸದಾಗಿ ಸಿಗುತ್ತವೆ. ಹೊಸದೇ ಸಿಗುವಾಗ ಹರಿದ ಹಳೆಯ ಮರುಮುದ್ರಣಕ್ಕೆ ಯಾರೂ ಹೆಚ್ಚಿನ ಬೆಲೆ ಕೊಡುವುದಿಲ್ಲ. ಇನ್ನು, ಕನ್ನಡ ಆವೃತ್ತಿಗಳ ಪೂರೈಕೆ ಕಡಿಮೆಯಿರುವಂತೆಯೇ ಅವುಗಳನ್ನು ಬಯಸುವವರ ಸಂಖ್ಯೆಯೂ ಸೀಮಿತ. ಪೂರೈಕೆ ಮತ್ತು ಬೇಡಿಕೆಗಳೆರಡನ್ನೂ ಒಟ್ಟಿಗೆ ನೋಡದವನು ಈ ವ್ಯಾಪಾರದಲ್ಲಿ ಬೇಗನೆ ಕೈ ಸುಟ್ಟುಕೊಳ್ಳುತ್ತಾನೆ.

ದರ್ಜೆ ನಿರ್ಣಯ

ಅಮೆರಿಕದಲ್ಲಿ ಈ ವ್ಯಾಪಾರ ದೊಡ್ಡದು. ಅಲ್ಲಿ 1970ರಿಂದ ಓವರ್‌ಸ್ಟ್ರೀಟ್ ಎಂಬ ದರ ಕೈಪಿಡಿ ಪ್ರಕಟವಾಗುತ್ತಿದೆ. 2000ದಲ್ಲಿ ಆರಂಭವಾದ ಸಿಜಿಸಿ ಎಂಬ ಸಂಸ್ಥೆಯು ಶುಲ್ಕ ಪಡೆದು ಪುಸ್ತಕವನ್ನು ಪರೀಕ್ಷಿಸಿ, ದರ್ಜೆಯ ಅಂಕ ನೀಡಿ, ಪಾರದರ್ಶಕ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತದೆ. 1938ರಲ್ಲಿ ಹತ್ತು ಸೆಂಟ್‌ಗೆ ಮಾರಾಟವಾಗಿದ್ದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ‘ಆ್ಯಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆಯ 8.5 ಅಂಕದ ಪ್ರತಿಯೊಂದು 2024ರ ಏಪ್ರಿಲ್‌ನಲ್ಲಿ 60 ಲಕ್ಷ ಡಾಲರ್‌ಗೆ ಹರಾಜಾಯಿತು. ನಮ್ಮಲ್ಲಿ ಮಗ ತಂದೆಯರ ನಡುವೆ ವಿವಾದ ಹುಟ್ಟಿಸುವುದು ಇಂತಹ ಸುದ್ದಿಗಳೇ. ಆ ಸುದ್ದಿಯಲ್ಲಿ ನಾವು ಗಮನಿಸಬೇಕಾದುದು 60 ಲಕ್ಷವನ್ನಲ್ಲ, 8.5 ಎಂಬ ಅಂಕವನ್ನು. ಕೊಳ್ಳುವವನೂ ಮಾರುವವನೂ ಒಪ್ಪುವ ಅಳತೆಗೋಲು ಇದ್ದುದರಿಂದಲೇ ಅಷ್ಟು ಹಣ ಕೈ ಬದಲಾಯಿಸಿತು.

ಆ ಅಳತೆಗೋಲು 0.5ರಿಂದ 10ರವರೆಗಿನದು. ಪ್ರಮುಖ ಮೆಟ್ಟಿಲುಗಳು ಹೀಗಿವೆ:

9.4 – ನಿಯರ್ ಮಿಂಟ್: ಅಚ್ಚಿನ ಮನೆಯಿಂದ ಈಗ ತಾನೇ ಬಂದಂತಿರುವುದು.
8.0 – ವೆರಿ ಫೈನ್: ಒಂದೆರಡು ಬಾರಿ ಎಚ್ಚರಿಕೆಯಿಂದ ಓದಿದ್ದು, ಬೆನ್ನಿನಲ್ಲಿ ಸಣ್ಣ ಗೆರೆಗಳು.
6.0 – ಫೈನ್: ಹೊಳಪು ಸ್ವಲ್ಪ ತಗ್ಗಿದೆ, ಮೂಲೆ ತುಸು ಸವೆದಿದೆ.
4.0 – ವೆರಿ ಗುಡ್: ಮಡಿಕೆ, ಸವೆತ ಸ್ಪಷ್ಟವಾಗಿ ಕಾಣುತ್ತದೆ, ಪುಟಗಳು ಪೂರ್ಣವಾಗಿವೆ.
2.0 – ಗುಡ್: ಚೆನ್ನಾಗಿ ಬಳಕೆಯಾಗಿ ಬಳಲಿದ ಪ್ರತಿ, ಓದಲು ಅಡ್ಡಿಯಿಲ್ಲ.
1.0 – ಫೇರ್: ಹರಿದದ್ದು, ಕಲೆಯಾದದ್ದು.
0.5 – ಪೂರ್: ಭಾಗಗಳು ಕಳೆದುಹೋದದ್ದು ಅಥವಾ ತೀರಾ ಶಿಥಿಲವಾದದ್ದು.

ಇಲ್ಲಿ ‘ಗುಡ್’ ಎಂದರೆ ಹತ್ತಕ್ಕೆ ಎರಡು ಅಂಕ ಎಂಬುದನ್ನು ನಮ್ಮ ವರ್ತಕರು ವಿಶೇಷವಾಗಿ ನೆನಪಿಡಬೇಕು. ನಾವು ಆಡುಮಾತಿನಲ್ಲಿ ‘ಗುಡ್ ಕಂಡೀಷನ್’ ಎಂದು ಬರೆದರೆ, ಬಲ್ಲ ಗ್ರಾಹಕ ಅದನ್ನು ಬಳಲಿದ ಪ್ರತಿ ಎಂದು ಓದುತ್ತಾನೆ. ಅರಿಯದ ಗ್ರಾಹಕ ಹೊಸದರಂತಿದೆ ಎಂದುಕೊಂಡು ತರಿಸಿಕೊಂಡು ಜಗಳಕ್ಕೆ ಬರುತ್ತಾನೆ. ಎರಡರಿಂದಲೂ ನಷ್ಟವೇ.

ಅಮೆರಿಕದ ಅಳತೆಗೋಲನ್ನು ನಮ್ಮ ಸರಕಿಗೆ ಹಾಗೆಯೇ ಅನ್ವಯಿಸಿದರೆ ಸಾಲದು. ನಮ್ಮ ಪುಸ್ತಕಗಳ ದೋಷಗಳು ನಮ್ಮವೇ. ನನ್ನ ಪಟ್ಟಿಯಲ್ಲಿ ಪುನಃ ಪುನಃ ಕಾಣಿಸಿದ ದೋಷಗಳೆಂದರೆ: ಪಿನ್ನಿನ ತುಕ್ಕು ನಡುಪುಟಕ್ಕೆ ಹರಡಿರುವುದು, ಲೈಬ್ರರಿಯ ಮೊಹರು ಮತ್ತು ತಾರೀಕಿನ ಚೀಟಿ, ಮೊದಲ ಪುಟದಲ್ಲಿ ಶಾಯಿಯಿಂದ ಬರೆದ ಹೆಸರು, ತರಗತಿ, ಪದಬಂಧ, ಚುಕ್ಕಿ ಚಿತ್ರಗಳನ್ನು ಮಕ್ಕಳು ತುಂಬಿರುವುದು, ಹರಿದಲ್ಲಿ ಅಂಟಿಸಿದ ಸೆಲ್ಲೋ ಟೇಪು ಹಳದಿಯಾಗಿ ಕಾಗದವನ್ನು ತಿಂದಿರುವುದು, ಬೆಳ್ಳಿಹುಳು, ಗೆದ್ದಲಿನ ರಂಧ್ರ, ಮಳೆಗಾಲದ ತೇವದ ಕಲೆ. ಎಲ್ಲಕ್ಕಿಂತ ದೊಡ್ಡದು ಬೈಂಡಿಂಗ್. ಪುಸ್ತಕ ಬಾಳಿಕೆ ಬರಲೆಂದು ಹತ್ತು ಹನ್ನೆರಡು ಸಂಚಿಕೆಗಳನ್ನು ಸೇರಿಸಿ ಹೊಲಿದು, ಅಂಚುಗಳನ್ನು ಕತ್ತರಿಸಿ, ರಟ್ಟು ಹಾಕಿಸುವುದು ನಮ್ಮಲ್ಲಿ ರೂಢಿ. ಓದುಗನಿಗೆ ಅದು ಉಪಕಾರ. ಸಂಗ್ರಹಕಾರನ ದೃಷ್ಟಿಯಲ್ಲಿ ಅಂಚು ಕತ್ತರಿಸಿದ ಪುಸ್ತಕ ಮೂಲ ಅಳತೆಯನ್ನೇ ಕಳೆದುಕೊಂಡಿದೆ. ಅಂತಹ ಸಂಪುಟಗಳನ್ನು ಬಿಚ್ಚಲು ಹೋಗದೆ ಸಂಪುಟವಾಗಿಯೇ ಮಾರುವುದು ಲೇಸು.

ದರ್ಜೆ ಕಟ್ಟುವಾಗ ಪ್ರತಿ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಪುಟ ಎಣಿಸಿಯೇ ನೋಡಬೇಕು. ಕತ್ತರಿಸಿ ತೆಗೆದ ಕೂಪನ್, ಕಿತ್ತುಹೋದ ನಡುಪುಟ ಇವು ಹೊರಗಿನಿಂದ ಕಾಣುವುದಿಲ್ಲ. ದೋಷವನ್ನು ಮರೆಮಾಚಲು ಬಣ್ಣ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು, ಹೊಸ ಪಿನ್ ಹೊಡೆಯುವುದು ಇವು ದರ್ಜೆಯನ್ನು ಏರಿಸುವುದಿಲ್ಲ, ಇಳಿಸುತ್ತವೆ. ಎರಡು ದರ್ಜೆಗಳ ನಡುವೆ ಸಂಶಯ ಬಂದರೆ ಕೆಳಗಿನದನ್ನೇ ಬರೆಯಿರಿ.

ಮುದ್ರಣವನ್ನು ಗುರುತಿಸುವುದು

ದರ್ಜೆಯಷ್ಟೇ ಮುಖ್ಯವಾದುದು ಅದು ಯಾವ ಮುದ್ರಣ ಎಂಬ ಪ್ರಶ್ನೆ. ನಾನು ಎಡವಿದ್ದು ಇಲ್ಲಿಯೇ.

ಪೌರಾಣಿಕ ಕಥೆಯ ಕನ್ನಡ ಅಮರ ಚಿತ್ರ ಕಥೆಯೊಂದರ ಹೊದಿಕೆಯ ಮೇಲೆ ಹಳೆಯ ಕ್ರಮಸಂಖ್ಯೆ ಇದ್ದುದನ್ನು ಕಂಡು, ನಾನು ಪಟ್ಟಿಯಲ್ಲಿ ‘ಮೊದಲ ಮುದ್ರಣ’ ಎಂದು ನಮೂದಿಸಿದೆ. ಬೇರೆ ಊರಿನ ಸಂಗ್ರಹಕಾರರೊಬ್ಬರು ಅದನ್ನು ಉತ್ತಮ ಬೆಲೆಗೆ ತರಿಸಿಕೊಂಡರು. ಒಂದು ವಾರದಲ್ಲಿ ಅವರ ದೂರವಾಣಿ ಕರೆ ಬಂತು. ಹಿಂಬದಿಯ ಹೊದಿಕೆಯಲ್ಲಿ ಅಚ್ಚಾಗಿದ್ದ ಶೀರ್ಷಿಕೆಗಳ ಪಟ್ಟಿಯನ್ನು ಓದಿರೆಂದು ಕೇಳಿದರು. ಆ ಪಟ್ಟಿಯಲ್ಲಿ ನಮ್ಮ ಪುಸ್ತಕಕ್ಕಿಂತ ಎಷ್ಟೋ ತಡವಾಗಿ ಬಂದ ಶೀರ್ಷಿಕೆಗಳ ಹೆಸರುಗಳಿದ್ದವು. ಇನ್ನೂ ಹುಟ್ಟದ ಪುಸ್ತಕದ ಹೆಸರನ್ನು ಮೊದಲ ಮುದ್ರಣದಲ್ಲಿ ಅಚ್ಚು ಮಾಡಲು ಹೇಗೆ ಸಾಧ್ಯ? ಅದು ಹಲವು ವರ್ಷಗಳ ನಂತರದ ಮರುಮುದ್ರಣ. ಕ್ರಮಸಂಖ್ಯೆ ಹೇಳುವುದು ಶೀರ್ಷಿಕೆಯ ವಯಸ್ಸನ್ನು, ಪ್ರತಿಯ ವಯಸ್ಸನ್ನಲ್ಲ. ಮೂವತ್ತು ವರ್ಷ ಲೆಕ್ಕ ಪರಿಶೋಧನೆ ಮಾಡಿದವನು ಪುಸ್ತಕದ ಹಿಂಬದಿಯನ್ನು ತಿರುಗಿಸಿ ನೋಡಿರಲಿಲ್ಲ.

ಆದ್ದರಿಂದ ಈ ಕ್ರಮವನ್ನು ಅನುಸರಿಸಬೇಕು. ಮುದ್ರಣದ ವರ್ಷವನ್ನು ಒಳಪುಟದಲ್ಲಿ ಹುಡುಕಬೇಕು. ಹೊದಿಕೆಯ ಮೇಲಿನ ಬೆಲೆಯನ್ನು ಗಮನಿಸಬೇಕು. ಒಂದೇ ಶೀರ್ಷಿಕೆಯ ಎರಡು ಪ್ರತಿಗಳಲ್ಲಿ ಕಡಿಮೆ ಬೆಲೆಯದು ಸಾಮಾನ್ಯವಾಗಿ ಹಳೆಯದು. ಶೀರ್ಷಿಕೆಗಳ ಪಟ್ಟಿಯನ್ನೂ ಜಾಹೀರಾತುಗಳನ್ನೂ ಪ್ರಕಾಶಕರ ಹೆಸರನ್ನೂ ಓದಬೇಕು. ಉದಾಹರಣೆಗೆ, ಅಮರ ಚಿತ್ರ ಕಥೆಯು 2007ರಲ್ಲಿ ಇಂಡಿಯಾ ಬುಕ್ ಹೌಸ್‌ನಿಂದ ಎಸಿಕೆ ಮೀಡಿಯಾ ಸಂಸ್ಥೆಗೆ ಹೋಯಿತು. ಹೊಸ ಸಂಸ್ಥೆಯ ಹೆಸರಿರುವ ಪ್ರತಿ ಅದಕ್ಕಿಂತ ಹಳೆಯದಾಗಲಾರದು. ಮರುಮುದ್ರಣಗಳಲ್ಲಿ ಕ್ರಮಸಂಖ್ಯೆಯೇ ಬದಲಾದುದೂ ಉಂಟು. 11 ಆಗಿದ್ದ ‘ಕೃಷ್ಣ’ ಮುಂದೆ 501 ಆಯಿತು. ಈ ಎಲ್ಲ ಪರೀಕ್ಷೆಗಳ ನಂತರವೂ ನಿಶ್ಚಯವಾಗದಿದ್ದರೆ ‘ಮುದ್ರಣ ಖಚಿತವಿಲ್ಲ’ ಎಂದು ಬರೆಯುವುದೇ ಸರಿಯಾದ ಮಾರ್ಗ.

ದರ ನಿಗದಿ

ನಮ್ಮ ದೇಶದ ಕಾಮಿಕ್ಸ್‌ಗಳಿಗೆ ಓವರ್‌ಸ್ಟ್ರೀಟ್‌ನಂತಹ ಸರ್ವಸಮ್ಮತ ದರ ಕೈಪಿಡಿ ಇಲ್ಲ. ಆದುದರಿಂದ ದರವನ್ನು ಮಾರುಕಟ್ಟೆಯಿಂದಲೇ ಕಂಡುಕೊಳ್ಳಬೇಕು. ಈ ಸಂದರ್ಭದಲ್ಲಿ ಕೇಳುವ ಬೆಲೆಗೂ ಮಾರಾಟವಾದ ಬೆಲೆಗೂ ಇರುವ ಅಂತರವನ್ನು ಮರೆಯಬಾರದು. ಅಂತರ್ಜಾಲದಲ್ಲಿ ಯಾರು ಎಷ್ಟು ಬೇಕಾದರೂ ಕೇಳಬಹುದು. ಅದು ಆಸೆ, ದರವಲ್ಲ. ಅದೇ ಶೀರ್ಷಿಕೆ, ಅದೇ ಭಾಷೆ, ಅದೇ ಮುದ್ರಣ, ಸರಿಸುಮಾರು ಅದೇ ದರ್ಜೆಯ ಪ್ರತಿ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತು ಎಂಬುದಷ್ಟೇ ಆಧಾರ. ಮುಗಿದ ಹರಾಜುಗಳ ದರಗಳನ್ನು ಕೆಲವು ತಿಂಗಳು ಬರೆದಿಟ್ಟುಕೊಂಡರೆ ವರ್ತಕನಿಗೆ ತನ್ನದೇ ಆದ ಕೈಪಿಡಿ ಸಿದ್ಧವಾಗುತ್ತದೆ.

ವಿರಳತೆಯು ದರ್ಜೆಯನ್ನು ಮೀರಿಸುವ ಸಂದರ್ಭಗಳೂ ಉಂಟು. ನಮ್ಮ ಹಿರಿಯರ ದಾಸ್ತಾನಿನಲ್ಲಿ 1965ರ ಆ ಕನ್ನಡ ಹತ್ತರ ಪೈಕಿ ಒಂದು ಪ್ರತಿ ಇತ್ತು. ಹಿಂಬದಿಯ ಹೊದಿಕೆ ಇರಲಿಲ್ಲ, ಮುಂಭಾಗದಲ್ಲಿ ಮೊಹರು ಎರಡು. ಅಂಕದಲ್ಲಿ ಅದು ತೀರಾ ಕೆಳಗಿನದು. ಆದರೂ ಹೊಸದರಂತೆ ಹೊಳೆಯುತ್ತಿದ್ದ ಎಂಬತ್ತರ ದಶಕದ ಹಲವು ಮರುಮುದ್ರಣಗಳ ಒಟ್ಟು ಬೆಲೆಗಿಂತ ಹೆಚ್ಚು ಬೆಲೆಯನ್ನು ಅದೊಂದೇ ತಂದಿತು.

ಸಗಟು ಖರೀದಿಯ ಲೆಕ್ಕ

ಇದೇ ವ್ಯಾಪಾರವನ್ನು ಕೈಗೊಳ್ಳುವ ವರ್ತಕರು ಪುಸ್ತಕಗಳನ್ನು ಒಂದೊಂದಾಗಿ ಕೊಳ್ಳುವುದಿಲ್ಲ. ಟ್ರಂಕಿನ ಲೆಕ್ಕದಲ್ಲಿ ಕೊಳ್ಳುತ್ತಾರೆ. ಆಗ ಪ್ರತಿಯೊಂದರ ಅಸಲು ಎಷ್ಟು? ಹೆಚ್ಚಿನವರು ಮೊತ್ತವನ್ನು ಸಂಖ್ಯೆಯಿಂದ ಭಾಗಿಸಿಬಿಡುತ್ತಾರೆ. ಇದು ಅಪಾಯಕಾರಿ. ಒಂದು ಕಾಲ್ಪನಿಕ ಉದಾಹರಣೆ ನೋಡೋಣ.

200 ಪುಸ್ತಕಗಳನ್ನು 22,000 ರೂ.ಗಳಿಗೆ ಕೊಂಡಿರಿ ಎಂದಿಟ್ಟುಕೊಳ್ಳಿ. ದರ್ಜೆ ಕಟ್ಟಿದಾಗ, ತಲಾ 1,500 ರೂ. ತರಬಹುದಾದವು 10, ತಲಾ 300 ರೂ. ತರಬಹುದಾದವು 40, ತಲಾ 60 ರೂ. ತರಬಹುದಾದವು 100, ಮಾರಾಟಕ್ಕೆ ಬಾರದವು 50 ಎಂದಾಯಿತು. ನಿರೀಕ್ಷಿತ ಮಾರಾಟ 15,000, 12,000 ಮತ್ತು 6,000 ಸೇರಿ 33,000 ರೂ. ಖರೀದಿ ಮೊತ್ತ ಇದರ ಮೂರನೆಯ ಎರಡು ಭಾಗ. ಆದ್ದರಿಂದ ಮೂರು ವರ್ಗಗಳ ಅಸಲು ಅನುಕ್ರಮವಾಗಿ ತಲಾ 1,000, 200 ಮತ್ತು 40 ರೂ.; ಕೊನೆಯ 50ಕ್ಕೆ ಸೊನ್ನೆ.

ಸರಾಸರಿಯಂತೆ ತಲಾ 110 ರೂ. ಎಂದು ಬರೆದುಕೊಂಡವನ ಸ್ಥಿತಿ ಏನಾಗುತ್ತದೆ? ಉತ್ತಮವಾದ ಹತ್ತು ಮೊದಲು ಮಾರಾಟವಾಗುತ್ತವೆ. 13,900 ರೂ. ಲಾಭ ಬಂತೆಂದು ಅವನು ಹಿಗ್ಗುತ್ತಾನೆ, ಆ ಹಣವನ್ನು ಖರ್ಚು ಮಾಡುತ್ತಾನೆ. ಇಡೀ ಟ್ರಂಕಿನ ಒಟ್ಟು ಲಾಭವೇ ವೆಚ್ಚಕ್ಕೆ ಮುಂಚೆ 11,000 ರೂ. ಎಂಬುದು ಅವನಿಗೆ ತಿಳಿಯುವ ಹೊತ್ತಿಗೆ ಉಳಿದಿರುವುದು 60 ರೂಪಾಯಿಯ ಪುಸ್ತಕಗಳು, ಪ್ರತಿಯೊಂದರಲ್ಲೂ ಪುಸ್ತಕದ ಮೇಲೆ 50 ರೂ. ನಷ್ಟ. ಮಾರಾಟವಾಗದ 50 ಪುಸ್ತಕಗಳು ವರ್ಷಾಂತ್ಯದ ದಾಸ್ತಾನಿನಲ್ಲಿ 5,500 ರೂ. ಆಸ್ತಿಯಾಗಿ ಸುಮ್ಮನೆ ಕುಳಿತಿರುತ್ತವೆ. ಒಂದರ ಬದಲು ಇನ್ನೊಂದನ್ನು ಕೊಡಲಾಗದ ವಸ್ತುಗಳ ಅಸಲನ್ನು ಪ್ರತ್ಯೇಕವಾಗಿ ಗುರುತಿಸಬೇಕು, ದಾಸ್ತಾನನ್ನು ಅಸಲು ಅಥವಾ ಮಾರಾಟದಿಂದ ಬರಬಹುದಾದ ನಿವ್ವಳ ಮೊತ್ತ ಇವೆರಡರಲ್ಲಿ ಕಡಿಮೆಯಾದುದರಲ್ಲಿ ತೋರಿಸಬೇಕು ಎಂದು ಲೆಕ್ಕಪತ್ರ ಮಾನಕ 2 ವಿಧಿಸುವುದು ಇದೇ ಕಾರಣಕ್ಕೆ. ಪ್ರತಿ ಪುಸ್ತಕಕ್ಕೆ ಒಂದು ಸಂಖ್ಯೆ, ಆ ಸಂಖ್ಯೆಯ ಮುಂದೆ ಶೀರ್ಷಿಕೆ, ಭಾಷೆ, ಮುದ್ರಣ, ದರ್ಜೆ, ದೋಷ, ಅಸಲು, ಮಾರಾಟ – ಇಷ್ಟು ಅಂಕಣಗಳ ಒಂದು ರಿಜಿಸ್ಟರ್ ಸಾಕು.

ಸಂರಕ್ಷಣೆ ಮತ್ತು ಮಾರಾಟ

ಅಗ್ಗದ ಕಾಗದದಲ್ಲಿರುವ ಆಮ್ಲವು ಕಾಲಕ್ರಮೇಣ ಅದನ್ನು ಹಳದಿಯಾಗಿಸಿ ಗರಿಗರಿಯಾಗಿಸುತ್ತದೆ. ಬೆಳಕು ಮತ್ತು ತೇವ ಇದನ್ನು ತ್ವರೆಗೊಳಿಸುತ್ತವೆ. ಆದ್ದರಿಂದ ಪ್ರತಿ ಪುಸ್ತಕವನ್ನು ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ, ಆಮ್ಲರಹಿತ ರಟ್ಟಿನ ಆಸರೆಯೊಂದಿಗೆ ಇಡಬೇಕು. ಪಿವಿಸಿ ಚೀಲ ಕೂಡದು. ಪೆಟ್ಟಿಗೆಗಳು ನೆಲದಿಂದಲೂ ಹೊರಗೋಡೆಯಿಂದಲೂ ದೂರವಿರಬೇಕು. ಮಳೆಗಾಲಕ್ಕೆ ಮುನ್ನ ಒಮ್ಮೆ, ನಂತರ ಒಮ್ಮೆ ತೆರೆದು ನೋಡಬೇಕು.

ಮಾರಾಟಕ್ಕೆ ಮೂರು ದಾರಿಗಳಿವೆ: ಇಡೀ ದಾಸ್ತಾನನ್ನು ಒಬ್ಬ ವ್ಯಾಪಾರಿಗೆ ಕೊಡುವುದು, ಸಂಗ್ರಹಕಾರರಿಗೆ ನೇರವಾಗಿ ಮಾರುವುದು, ಅಂತರ್ಜಾಲ ಮಾರುಕಟ್ಟೆಯಲ್ಲಿ ಇಡುವುದು. ಮೊದಲನೆಯದರಲ್ಲಿ ಹಣ ಬೇಗ, ಬೆಲೆ ಕಡಿಮೆ. ಉಳಿದೆರಡರಲ್ಲಿ ಬೆಲೆ ಹೆಚ್ಚು, ಶ್ರಮವೂ ಕಾಲವೂ ಹೆಚ್ಚು. ನಾವು ಉತ್ತಮವಾದವನ್ನು ಬಿಡಿಯಾಗಿಯೂ ಉಳಿದವನ್ನು ಕಟ್ಟುಕಟ್ಟಾಗಿಯೂ ಮಾರಿದೆವು. ಚಿತ್ರಗಳನ್ನು ತೋರಿಸುವಾಗ ಹೊದಿಕೆಯ ಎರಡೂ ಬದಿ, ಬೆನ್ನು, ನಡುಪುಟದ ಪಿನ್ನು ಮತ್ತು ಅತಿ ದೊಡ್ಡ ದೋಷ ಇಷ್ಟನ್ನು ತಪ್ಪದೆ ತೋರಿಸಬೇಕು. ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು, ನೀರು ತಾಗದ ಹೊದಿಕೆಯಲ್ಲಿ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಬೇಕು.

ವಿವರಣೆಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಎಂದು 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ನನ್ನ ತಪ್ಪಿನಿಂದಾಗಿ ಬಂದ ದೂರಿನ ಸಂದರ್ಭದಲ್ಲಿ ಆ ಹಿರಿಯರಿಗೆ ನಿಯಮದ ನೆನಪು ಬೇಕಾಗಲಿಲ್ಲ. ಅವರು ಪೂರ್ಣ ಮೊತ್ತವನ್ನೂ ಎರಡು ಕಡೆಯ ಅಂಚೆ ವೆಚ್ಚವನ್ನೂ ಅದೇ ದಿನ ಕಳುಹಿಸಿದರು. ನಾನು ಸಂಕೋಚದಿಂದ ಕ್ಷಮೆ ಕೇಳಿದಾಗ, ‘ಪುಟ ಹರಿದಿದೆ ಅಂತ ಮೊದಲೇ ಹೇಳದೆ ಪುಸ್ತಕ ಕೊಟ್ಟಿದ್ದರೆ, ಹುಡುಗರು ಮಾರನೆಯ ದಿನ ಲೈಬ್ರರಿಗೆ ಬರುತ್ತಿರಲಿಲ್ಲ ಆಡಿಟರೇ’ ಎಂದರು. ಆನಂತರ ಇಬ್ಬರೂ ಕುಳಿತು ಇಡೀ ಪಟ್ಟಿಯನ್ನು ಪುನಃ ಪರಿಶೀಲಿಸಿದೆವು. ‘ಮೊದಲ ಮುದ್ರಣ’ ಎಂದು ಬರೆದಿದ್ದ ಹದಿನೇಳರಲ್ಲಿ ಆರು ಮಾತ್ರ ಉಳಿದವು.

ತೆರಿಗೆಯ ಅಂಶಗಳು

ಮನೆಯಲ್ಲಿ ಓದಲೆಂದು ಇಟ್ಟುಕೊಂಡ ಪುಸ್ತಕಗಳು ಸ್ವಂತ ಬಳಕೆಯ ಚರ ವಸ್ತುಗಳು. ಅವುಗಳ ಮಾರಾಟಕ್ಕೆ ಬಂಡವಾಳ ಲಾಭದ ತೆರಿಗೆ ಸಾಮಾನ್ಯವಾಗಿ ಬರುವುದಿಲ್ಲ. ಆದರೆ ರೇಖಾಚಿತ್ರ, ವರ್ಣಚಿತ್ರ, ಕಲಾಕೃತಿಗಳಿಗೆ ಈ ವಿನಾಯಿತಿ ಇಲ್ಲ. ಆದ್ದರಿಂದ ಅಚ್ಚಾದ ಕಾಮಿಕ್ಸ್ ಪುಸ್ತಕ ಬೇರೆ, ಅದಕ್ಕಾಗಿ ಕಲಾವಿದರು ಕೈಯಿಂದ ಬರೆದ ಮೂಲ ಚಿತ್ರದ ಹಾಳೆ ಬೇರೆ. ಮಾರುವ ಉದ್ದೇಶದಿಂದಲೇ ಕೊಂಡು ಮಾರುವವರಿಗೆ ಅದು ವ್ಯಾಪಾರದ ಆದಾಯ. 1961ರ ಆದಾಯ ತೆರಿಗೆ ಕಾಯ್ದೆಯ ಈ ತತ್ತ್ವಗಳು, 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯ್ದೆಯಲ್ಲೂ ಮುಂದುವರಿದಿವೆ.

ನಮ್ಮ ಹಿರಿಯರ ಪ್ರಕರಣ ಇವೆರಡಕ್ಕೂ ಸೇರದು. ಬಾಡಿಗೆ ಲೈಬ್ರರಿ ನಡೆಸುವವರ ಪುಸ್ತಕಗಳಿಗೆ ಹಿಂದೆ ಶೇ. 100ರಷ್ಟು, 2017ರ ಏಪ್ರಿಲ್‌ನಿಂದ ಶೇ. 40ರಷ್ಟು ಸವಕಳಿ ದೊರೆಯುತ್ತಿತ್ತು. ಅವರ ಪುಸ್ತಕಗಳನ್ನೆಲ್ಲ ಕೊಂಡ ವರ್ಷವೇ ಪೂರ್ತಿಯಾಗಿ ವಜಾ ಮಾಡಿ, ಲೆಕ್ಕದಲ್ಲಿ ಸೊನ್ನೆಗೆ ಇಳಿಸಿದವನು ನಾನೇ. ಹೀಗಾಗಿ ಮಾರಾಟದಿಂದ ಬಂದ ನಿವ್ವಳ ಮೊತ್ತವೆಲ್ಲ ಕಲಂ 50ರ ಪ್ರಕಾರ ಅಲ್ಪಾವಧಿ ಬಂಡವಾಳ ಲಾಭವಾಯಿತು. ಐವತ್ತು ವರ್ಷದ ಪುಸ್ತಕಕ್ಕೆ ‘ಅಲ್ಪಾವಧಿ’ಯೇ ಎಂದು ಅವರು ನಕ್ಕರು. ಕಾನೂನು ಹಾಗಿದೆ. ಅಂದು ಪಡೆದ ರಿಯಾಯಿತಿಯನ್ನು ಇಂದು ಹಿಂದಿರುಗಿಸುವ ಲೆಕ್ಕ ಅದು.

ಜಿಎಸ್‌ಟಿಯಲ್ಲಿ ಮುದ್ರಿತ ಪುಸ್ತಕಗಳ ಮೇಲೆ ತೆರಿಗೆ ಇಲ್ಲ. ಕೇವಲ ತೆರಿಗೆರಹಿತ ಸರಕನ್ನು ಮಾರುವವರಿಗೆ ಕಲಂ 23ರಂತೆ ನೋಂದಣಿಯ ಅಗತ್ಯವೂ ಇಲ್ಲ. ಆದರೆ ಪುಸ್ತಕದ ಜೊತೆಗೆ ಆಟಿಕೆ, ಚೌಕಟ್ಟು ಹಾಕಿದ ಚಿತ್ರ ಮುಂತಾದವನ್ನು ಸೇರಿಸಿದರೆ ಈ ಅನುಕೂಲ ಕೈತಪ್ಪಬಹುದು. ಅಂತರ್ಜಾಲ ಮಾರುಕಟ್ಟೆಗಳು 2024ರ ಅಕ್ಟೋಬರ್‌ನಿಂದ ಮಾರಾಟ ಮೊತ್ತದಿಂದ ಶೇ. 0.1ರಷ್ಟು ತೆರಿಗೆ ಮುರಿದುಕೊಳ್ಳುತ್ತವೆ. ಪ್ಯಾನ್ ಅಥವಾ ಆಧಾರ್ ನೀಡಿದ ವ್ಯಕ್ತಿಗಳ ಮಾರಾಟ ವರ್ಷಕ್ಕೆ 5 ಲಕ್ಷ ರೂ. ಮೀರದಿದ್ದರೆ ಮುರಿಯುವಂತಿಲ್ಲ. ವಿದೇಶಕ್ಕೆ ವ್ಯಾಪಾರ ದೃಷ್ಟಿಯಿಂದ ಕಳುಹಿಸುವವರು ಆಮದು-ರಫ್ತು ಸಂಕೇತ ಸಂಖ್ಯೆ ಪಡೆಯಬೇಕು.

ಉಪಸಂಹಾರ

ಅಂತಿಮವಾಗಿ ಆ 1,300 ಪುಸ್ತಕಗಳಲ್ಲಿ ಬೆಲೆಯುಳ್ಳವು ನೂರನ್ನು ದಾಟಲಿಲ್ಲ. ಒಟ್ಟು ಬಂದ ಹಣ ಮಗನ ನಿರೀಕ್ಷೆಯ ಹತ್ತನೆಯ ಒಂದು ಪಾಲೂ ಆಗಿರಲಿಲ್ಲ. ರದ್ದಿ ವ್ಯಾಪಾರಿ ಹೇಳಿದ್ದ ಮೊತ್ತದ ಹಲವು ಪಟ್ಟು ಆಗಿತ್ತು. ಬ್ಯಾಂಕಿನ ಬಾಕಿ ತೀರಿತು. ಉತ್ತಮ ಪುಸ್ತಕಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕೊಂಡವರು ಯಾರೆಂದರೆ, ನನ್ನ ತಪ್ಪು ಪಟ್ಟಿಯಿಂದ ಮೋಸಹೋಗಿದ್ದ ಅದೇ ಸಂಗ್ರಹಕಾರರು. ತಿದ್ದಿದ ಪಟ್ಟಿಯನ್ನು ನೋಡಿ, ಚಿತ್ರಗಳನ್ನೂ ಕೇಳದೆ ಅವರು ಹಣ ಕಳುಹಿಸಿದರು.

ನಮ್ಮ ಊರಿನಲ್ಲಿ ಹಳೆಯ ಪುಸ್ತಕದ ವ್ಯಾಪಾರಕ್ಕೆ ಪರಂಪರೆಯಿದೆ. 2012ರ ಆಗಸ್ಟ್‌ನಲ್ಲಿ ಭಾಗಶಃ ಕುಸಿದ ಲ್ಯಾನ್ಸ್‌ಡೌನ್ ಕಟ್ಟಡದ ಪುಸ್ತಕದಂಗಡಿಗಳನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಈ ವ್ಯಾಪಾರವನ್ನು ಮುಂದುವರಿಸಲು ದೊಡ್ಡ ಬಂಡವಾಳ ಬೇಕಿಲ್ಲ. ಎಣಿಸುವ ತಾಳ್ಮೆ, ರಿಜಿಸ್ಟರ್ ಮತ್ತು ದೋಷವನ್ನು ಮೊದಲು ಹೇಳುವ ಧೈರ್ಯ ಬೇಕು. ದರ ಕೈಪಿಡಿಯೂ ಪ್ರಮಾಣಪತ್ರ ನೀಡುವ ಸಂಸ್ಥೆಯೂ ನೆರವಿಗಿಲ್ಲದ ಮಾರುಕಟ್ಟೆಯಲ್ಲಿ ವರ್ತಕ ಬರೆದುಕೊಡುವ ದರ್ಜೆಯೇ ತಕ್ಕಡಿ. ಮುಂದಿನ ಬಾರಿ ಅಟ್ಟ ಗುಡಿಸುವಾಗ ಟ್ರಂಕು ಸಿಕ್ಕಿದರೆ, ಗುಜರಿಯವರನ್ನು ಕರೆಯುವ ಮುನ್ನ ಒಂದು ಸಂಜೆ ಕುಳಿತು ಪುಟ ಎಣಿಸಿ. ಹಿಂಬದಿಯ ಹೊದಿಕೆಯನ್ನು ತಿರುಗಿಸಿ ನೋಡಲು ಮರೆಯಬೇಡಿ.